ಗಿರಣಿ ಮೊದಲು, ಮನೆ ಆಮೇಲೆ

ಕೋರ್ಟಿಗೆ ನನ್ನ ಗಂಟಲು ಬೇಕಾಗಿದೆ ಎಂದು ಮಾಮಾನ ಫೋನು ಬಂದಾಗ ನಾನು ಬೀದರಿನ ಗಂಜ್ ಮಾರುಕಟ್ಟೆಯ ಹಿಂದಿರುವ ರೆಕಾರ್ಡಿಂಗ್ ಕೋಣೆಯಲ್ಲಿ ಒಂದು ಎಮ್ಮೆಗಾಗಿ ಎಂಟನೇ ಸಲ ಅಳುತ್ತಿದ್ದೆ. ಎಮ್ಮೆ ಕಳೆದುಹೋಗಿತ್ತು. ಅದರ ಮಾಲಕ ಪಕ್ಕದಲ್ಲೇ ಕುಳಿತು, ಇನ್ನೂ ಜರಾ ದುಃಖ ಹಾಕ್ರಿ ಎಂದು ಒತ್ತಾಯಿಸುತ್ತಿದ್ದ. ಆಟೋದ ಮೇಲೆ ಭೋಂಗಾ ಕಟ್ಟಿಕೊಂಡು ಊರೂರು ತಿರುಗುವ ಜಾಹೀರಾತುಗಳಿಗೆ ದನಿ ಕೊಡುವುದು ನನ್ನ ಕೆಲಸ. ಸೀರೆ ಸೇಲಿಗೆ ಒಂದು ದನಿ, ಕೋಚಿಂಗ್ ಕ್ಲಾಸಿಗೆ ಇನ್ನೊಂದು, ಕಣ್ಣಿನ ತಪಾಸಣೆ ಶಿಬಿರಕ್ಕೆ ಮತ್ತೊಂದು. ನಿನ್ನ ಸ್ವಂತ ದನಿ ಯಾವುದು ಎಂದು ಅವ್ವ ಆಗಾಗ ಕೇಳುತ್ತಾಳೆ. ಅದಕ್ಕೆ ಗಿರಾಕಿ ಇಲ್ಲ ಎನ್ನುತ್ತೇನೆ.

ಮಾಮಾ ಎಂದರೆ ಅವ್ವನ ಅಣ್ಣ. ಭಾಲ್ಕಿಯ ಕೋರ್ಟಿನಲ್ಲಿ ಅಮೀನ, ಅಂದರೆ ನೋಟೀಸು ಮುಟ್ಟಿಸುವ, ಜಪ್ತಿ ಮಾಡುವ, ಹರಾಜು ಕೂಗುವ ನೌಕರ. ಭಾನುವಾರ ನಮ್ಮ ಮೆಥೋಡಿಸ್ಟ್ ಚರ್ಚಿನಲ್ಲಿ ಕೀರ್ತನೆ ಎತ್ತಿಕೊಡುತ್ತಿದ್ದ ದನಿಯೂ ಅವನದೇ. ಗಂಟಲಿನಲ್ಲಿ ಗಂಟು ಬೆಳೆದು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಪಿಸುಮಾತಿಗೆ ಇಳಿಯಿತು. ಸಾಲ ತೀರದ ಆಸ್ತಿಯನ್ನು ಕೋರ್ಟು ಹರಾಜಿಗೆ ಇಟ್ಟರೆ, ಆ ಆಸ್ತಿಯ ಮುಂದೆಯೇ ನಿಂತು, ಹಲಗೆ ಬಾರಿಸಿ, ಓಣಿಗೆಲ್ಲ ಕೇಳುವಂತೆ ಸಾರಬೇಕು. ಆಮೇಲೆಯೇ ಕಾಗದ ಅಂಟಿಸಬೇಕು. ಪಿಸುಗುಟ್ಟಿ ಮುಗಿಸುವ ಕೆಲಸ ಅದಲ್ಲ. ಹೀಗಾಗಿ ಮಾಮಾ, ಜಡ್ಜ್ ಸಾಹೇಬರ ಒಪ್ಪಿಗೆ ಪಡೆದು, ಕೂಗುವುದಕ್ಕೆ ನನ್ನನ್ನು ಗೊತ್ತು ಮಾಡಿದ.

"ಎರಡು ಚಹಾ, ಒಂದು ಊಟ, ಬಸ್ ಚಾರ್ಜ್," ಎಂದ. "ಆದ್ರ ಯಾರದರ ನಕಲಿ ಮಾಡಿದಿ ಅಂದ್ರ ಹಲ್ಲು ಉದುರಸ್ತೇನಿ."

ಬೆದರಿಕೆಯನ್ನು ಪಿಸುಮಾತಿನಲ್ಲಿ ಹೇಳಿದರೆ ಅದಕ್ಕೆ ಎಷ್ಟು ತೂಕ ಬರುತ್ತದೆ ಎಂಬುದು ಅಂದು ನನಗೆ ತಿಳಿಯಿತು. ಮುಂದೆ ಒಂದು ಟ್ರ್ಯಾಕ್ಟರ್ ಕಂಪನಿಯ ಜಾಹೀರಾತಿನಲ್ಲಿ ಅದನ್ನು ಬಳಸಿಕೊಂಡೆ ಕೂಡ.

ಮೊದಲ ದಿನ ಔರಾದಿಗೆ ಹೋದೆವು. ಅಲ್ಲಿಯ ಅಮೀನ ರಜೆಯಲ್ಲಿದ್ದ, ಅವನ ಕೆಲಸವೂ ಮಾಮಾನ ತಲೆಗೆ ಬಿದ್ದಿತ್ತು. ಊರ ಅಂಚಿನ ಖಾಲಿ ಪ್ಲಾಟು. ಕೇಳುವುದಕ್ಕೆ ಮೂರು ಆಡು, ಒಂದು ಜಾಲಿ ಗಿಡ. ನಮ್ಮ ಜೊತೆ ಹಲಗೆ ಬಾರಿಸುವ ಮುತ್ಯಾ ಇದ್ದ. ಕೋರ್ಟಿನ ಹಲಗೆ ಅಂದರೆ ಅವನದೇ ಎಂಬಷ್ಟು ವರ್ಷದಿಂದ ಬಾರಿಸಿಕೊಂಡು ಬಂದವನು. ಮಾಮಾ ಅತ್ತ ಕಾಗದ ಅಂಟಿಸುವ ಕಂಬ ಹುಡುಕಲು ಹೋದದ್ದೇ ತಡ, ನಾನು ನಮ್ಮ ಕಡೆಯ ಒಬ್ಬ ಪುಢಾರಿಯ ದನಿಯಲ್ಲಿ ಆಡುಗಳಿಗೆ ಹರಾಜು ಸಾರಿದೆ. ನನಗಂತೂ ಬಹಳ ಚೆನ್ನಾಗಿ ಬಂತು ಅನ್ನಿಸಿತು. ಮುತ್ಯಾ ನಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವನೇ ಮಾತು ತೆಗೆದ. ಮನೆಯ ಮುಂದೆ ಹಲಗೆ ಬಾರಿಸುವಾಗ ತಾನು ಯಾವಾಗಲೂ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತೇನೆ, ಸದ್ದು ಬೀದಿಗೆ ಹೋಗಬೇಕು, ಒಳಗೆ ಹೋಗಬಾರದು ಎಂದ. ಹಾಗಂತ ಯಾವ ಕಾನೂನಿನಲ್ಲಿದೆ ಎಂದು ಕೇಳಿದೆ. ಅವನು ಟಿಕೆಟ್ಟಿನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿವಿಗೆ ಸಿಕ್ಕಿಸಿಕೊಂಡು, "ನಮ್ಮಪ್ಪ ಹಂಗೇ ನಿಂದ್ರತಿದ್ದ," ಎಂದು ಕಿಟಕಿಯ ಕಡೆ ತಿರುಗಿದ. ಅಷ್ಟೇ. ಎರಡನೇ ಪ್ರಶ್ನೆಗೆ ಜಾಗವಿರಲಿಲ್ಲ.

ಆ ವಾರದಲ್ಲೇ ಭಾಲ್ಕಿ ಹತ್ತಿರದ ಭಾತಂಬ್ರಾದ ಪಾಳಿ ಬಂತು.

ಓಣಿಗೆ ಹೊಕ್ಕಾಗ ಹಿಟ್ಟಿನ ಗಿರಣಿ ನಡೆದಿತ್ತು. ಅದೇ ಹರಾಜಿಗೆ ಬಂದ ಆಸ್ತಿ. ಮುತ್ಯಾ ಬಾಗಿಲಿಗೆ ಬೆನ್ನು ಮಾಡಿ ಬಾರಿಸಿದ. ಕೈ ಆಡುವುದು ಕಾಣುತ್ತಿತ್ತು, ಸದ್ದು ಕೇಳುತ್ತಿರಲಿಲ್ಲ. ನಾನು ಓದತೊಡಗಿದೆ. ಎರಡು ಊರಿಗೆ ಕೇಳುವಂತೆ ಸೀರೆ ಮಾರಿದ ಗಂಟಲು ಆ ಯಂತ್ರದ ಮುಂದೆ ಸೊಳ್ಳೆಯಾಯಿತು. ಎದುರು ಮನೆಯ ಮುದುಕಿಯೊಬ್ಬಳು ನನ್ನ ಬಾಯಿ ತೆರೆದು ಮುಚ್ಚುವುದನ್ನು ಮೀನನ್ನು ನೋಡಿದ ಹಾಗೆ ನೋಡುತ್ತಿದ್ದಳು.

ಒಳಗೆ ಹಿಟ್ಟಿನ ಧೂಳಿನ ನಡುವೆ ಒಬ್ಬ ಹೆಂಗಸು ಇದ್ದಳು. ನಲವತ್ತರ ಆಚೀಚೆ. ಸೆರಗನ್ನು ತಲೆಗೆ ಬಿಗಿದಿದ್ದಳು, ಹುಬ್ಬೆಲ್ಲ ಬಿಳಿ. ಊರಿಗೆಲ್ಲ ಅವಳು ಗಿರಣಿ ಅಕ್ಕ. ನಮ್ಮನ್ನು ನೋಡಿ, ನಿಲ್ಲಿ ಎಂದು ಕೈ ಮಾಡಿದಳು. ಗಿರಣಿಯ ಬಾಯಿಗೆ ಸುರಿದ ಜೋಳ ಪೂರ್ತಿ ಇಳಿಯುವವರೆಗೂ ಕಾದಳು. ಬಿಸಿ ಹಿಟ್ಟನ್ನು ಡಬ್ಬಿಗೆ ತುಂಬಿ, ಕಾಯುತ್ತಿದ್ದ ಹೆಂಗಸಿನ ತಲೆಯ ಮೇಲೆ ಎತ್ತಿಟ್ಟಳು. ಆಮೇಲೆ ಸ್ವಿಚ್ಚು ಆರಿಸಿದಳು. ಯಂತ್ರದ ಪಟ್ಟಾ ಸುತ್ತುತ್ತ ಸುತ್ತುತ್ತ ನಿಂತಿತು. ಇಡೀ ಓಣಿ ಒಮ್ಮೆಲೇ ಕಿವಿ ಬಿಟ್ಟುಕೊಂಡಿತು.

"ಈಗ ಓದ್ರಿ," ಎಂದಳು. "ಮಂದಿಗಿ ಕೇಳಬೇಕಲ್ಲ."

ತನ್ನ ಹರಾಜು ಊರಿಗೆ ಕೇಳಲಿ ಎಂದು ತನ್ನ ಗಿರಣಿಯನ್ನು ತಾನೇ ನಿಲ್ಲಿಸಿದ ಮನುಷ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ದಿನಕ್ಕೆಂದು ಒಂದು ತಮಾಷೆಯ ದನಿ ತಯಾರು ಮಾಡಿಕೊಂಡಿದ್ದೆ. ಅದು ಎಲ್ಲಿ ಹೋಯಿತೋ ಹೊರಗೆ ಬರಲೇ ಇಲ್ಲ. ಸುಮ್ಮನೆ ಓದಿದೆ. ಪೂರ್ವಕ್ಕೆ ಇಂಥವರ ಕುರಿ ಹಟ್ಟಿ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಮನೆ ಎಂದು ಚೆಕ್ಕುಬಂದಿ ಹೇಳುತ್ತ ಹೋದ ಹಾಗೆ, ತಮ್ಮ ತಮ್ಮ ಹೆಸರು ಕೇಳಿದವರು ಆಯಾ ದಿಕ್ಕಿನಿಂದ ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ಪೂರ್ವ ದಿಕ್ಕು ರುಮಾಲು ಸುತ್ತಿಕೊಂಡು ಬಂತು. ಉತ್ತರ ದಿಕ್ಕು ಕೈಯಲ್ಲಿ ಹಿಟ್ಟಿನ ಉಂಡೆ ಹಿಡಿದುಕೊಂಡೇ ಬಂತು. ಕಾಗದದಲ್ಲಿದ್ದ ನಕ್ಷೆಗೆ ಜೀವ ಬಂದು ನನ್ನ ಸುತ್ತ ನಿಂತಂತಾಗಿ ನನ್ನ ದನಿ ಒಂದೆರಡು ಕಡೆ ಒಡೆಯಿತು. ಬಿಸಿಲಿಗೆ ಹಾಗಾಯಿತು ಎಂದು ಆಮೇಲೆ ಮಾಮಾನಿಗೆ ಹೇಳಿದೆ.

ತಗಡಿನ ಶೆಡ್ಡು, ಹಳೆಯ ಯಂತ್ರ ಸಹಿತ ಎಂಬಲ್ಲಿಗೆ ಬಂದಾಗ ಅವಳು ತಡೆದಳು. ತಗಡು ನಿಜ, ಯಂತ್ರ ಹಳೆಯದಲ್ಲ ಎಂದಳು. ಜೋಳಕ್ಕೆ ಎರಡು ಕಲ್ಲು, ಖಾರ ಕುಟ್ಟುವುದಕ್ಕೆ ಬೇರೆ ಯಂತ್ರ, ಮೂರು ಫೇಜಿನ ಕರೆಂಟು ಇದೆ, ಅದೆಲ್ಲ ಬರೆದುಕೊಳ್ಳಿ ಎಂದಳು. ಕಾಗದವನ್ನು ತಿದ್ದುವ ಅಧಿಕಾರ ತನಗಿಲ್ಲ, ಆದರೆ ವರದಿಯಲ್ಲಿ ಬರೆದು ಸಾಹೇಬರ ಮುಂದಿಡುತ್ತೇನೆ ಎಂದು ಮಾಮಾ ಪಿಸುಗುಟ್ಟಿದ. ಅದನ್ನು ನಾನು ದೊಡ್ಡ ದನಿಯಲ್ಲಿ ಅವಳಿಗೆ ದಾಟಿಸಿದೆ. ಅವಳು ತಲೆಯಾಡಿಸಿ, ಸ್ವಲ್ಪ ಹೊತ್ತು ಶೆಡ್ಡಿನ ಒಳಗೆ ನೋಡಿ, "ರಸ್ತಾದ ಕಡಿ ಗ್ವಾಡಿ ಮಳಿಗಾಲದಾಗ ತೇವಾ ಹಿಡೀತದ. ಅದೂ ಬರಕೋರಿ," ಎಂದಳು.

ಮಾಮಾ ಬರೆಯುತ್ತಿದ್ದ ಕೈ ನಿಲ್ಲಿಸಿ ಅವಳ ಮುಖ ನೋಡಿದ. ಆಮೇಲೆ ಅದನ್ನೂ ಬರೆದ.

ಅವಳ ತಮ್ಮ ಲಾರಿ ಕೊಳ್ಳಲು ಬೀದರಿನ ಒಬ್ಬ ಸಾಹುಕಾರನ ಹತ್ತಿರ ಸಾಲ ಮಾಡಿದ್ದ. ಅಕ್ಕ ಜಾಮೀನಿಗೆ ಸಹಿ ಹಾಕಿದ್ದಳು. ಲಾರಿಯೂ ತಮ್ಮನೂ ಗಡಿ ದಾಟಿ ಲಾತೂರಿನ ಆಚೆ ಎಲ್ಲಿಯೋ ಮಾಯವಾದ ಮೇಲೆ ಸಾಲ ವಸೂಲಿಯ ಡಿಕ್ರಿ ಇವಳ ತಲೆಗೆ ಬಂತು. ಹರಾಜಿಗೆ ಎರಡು ಲಾಟು ಮಾಡಿದ್ದರು. ಮೊದಲನೆಯದು ಗಿರಣಿ. ಎರಡನೆಯದು ಗಿರಣಿಯ ಹಿಂದಿನ ಎರಡು ಕೋಣೆಯ ಮನೆ. ಅವಳೂ ಒಂಬತ್ತನೇ ಇಯತ್ತೆ ಓದುವ ಮಗಳೂ ಅಲ್ಲಿ ಇರುತ್ತಿದ್ದರು. ಗಿರಣಿಯ ಬೆಲೆಯಲ್ಲೇ ಡಿಕ್ರಿ ತೀರಿದರೆ ಮನೆಯನ್ನು ಕೋರ್ಟು ಮುಟ್ಟುವುದಿಲ್ಲ. ತೀರದಿದ್ದರೆ ಅದೇ ದಿನ, ಅದೇ ಮೇಜಿನ ಮೇಲೆ ಮನೆಯೂ ಹೋಗುತ್ತದೆ. ಗಿರಣಿ ಹೋಗುವುದು ಖಚಿತ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಉಳಿಯಬೇಕಾದದ್ದು ಮನೆ.

ಮಾಮಾ ಕಾಗದ ಅಂಟಿಸಲು ಪಂಚಾಯತಿ ಕಡೆ ಹೋದ. ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಅವಳ ಸುತ್ತ ಸೇರಿದರು. ಪೂರ್ವದ ಕುರಿ ಹಟ್ಟಿಯ ಕಾಕಾ ಎಲ್ಲರ ಪರವಾಗಿ ಧೈರ್ಯ ಹೇಳಿದ. ಈ ಊರಿನಲ್ಲಿ ಒಬ್ಬರ ಮನೆ ಮುರಿಯುವಾಗ ಇನ್ನೊಬ್ಬರು ಹರಾಜಿನಲ್ಲಿ ಸವಾಲು ಕೂಗಿದ್ದಿಲ್ಲ, ನಾವ್ಯಾರೂ ಆ ಹರಾಜಿನ ಹತ್ತಿರ ಸುಳಿಯುವುದಿಲ್ಲ, ನೀನು ಫಿಕರ್ ಮಾಡಬೇಡ ಎಂದ. ಎಲ್ಲರೂ ಹೌದೆಂದರು. ಉತ್ತರ ದಿಕ್ಕಿನವಳು ಕಣ್ಣೊರೆಸಿಕೊಂಡಳು, ಕೈಯ ಹಿಟ್ಟು ಕೆನ್ನೆಗೆ ಹತ್ತಿತು.

ಗಿರಣಿ ಅಕ್ಕನ ಮುಖದಲ್ಲಿ ಭಯ ಕಂಡದ್ದು ಅದೇ ಮೊದಲು.

ಕೂಗುವವರು ಇಲ್ಲದಿದ್ದರೆ ಗಿರಣಿ ಅಗ್ಗಕ್ಕೆ ಹೋಗುತ್ತದೆ ಎಂಬುದು ನನಗೂ ಹೊಳೆಯಿತು. ನನ್ನ ಬುದ್ಧಿಗೆ ತಕ್ಕಂತೆ ನಾನು ನಾಟಕಕ್ಕೆ ಇಳಿದೆ. ಅಲ್ಲೇ ಓಣಿಯಲ್ಲಿ ಇಡೀ ಹರಾಜನ್ನು ಆಡಿ ತೋರಿಸಿದೆ. ಪಾನ್ ಅಗಿಯುತ್ತ ಚಿಲ್ಲರೆ ಬೆಲೆಗೆ ಗಿರಣಿ ಹೊಡೆದುಕೊಳ್ಳುವ ವ್ಯಾಪಾರಿಯಾದೆ, ಬಾಯಿಗೆ ಬೀಗ ಹಾಕಿಕೊಂಡು ನಿಂತ ಊರಾದೆ, ಎರಡನೇ ಲಾಟು ಎಂದು ಪಿಸುಗುಟ್ಟುವ ಮಾಮಾನೂ ಆದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಮ್ಮೆ ಆ ಪಾನಿನವನನ್ನು ಮಾಡು ಎಂದರು. ಒಬ್ಬ ತನ್ನ ತಂಗಿಯ ಮದುವೆಯಲ್ಲಿ ಕಾರ್ಯಕ್ರಮ ಕೊಡುತ್ತೀಯಾ ಎಂದು ನಂಬರ್ ತೆಗೆದುಕೊಂಡ. ನನ್ನ ಕಲೆಯ ಶಕ್ತಿ ಅಷ್ಟು.

ನಗು ಮುಗಿದ ಮೇಲೆ ಅವಳು ಕಾಕಾನ ಎದುರಿಗೆ ಬಂದು ನಿಂತಳು. ದನಿ ಏರಿಸಲಿಲ್ಲ.

"ಕಾಕಾ, ನೀವೆಲ್ಲ ಸುಮ್ಮ ನಿಂತ್ರಿ ಅಂದ್ರ ಗಿರಣಿ ಪುಕ್ಕಟೆ ಹೋಗ್ತದ. ಆಮ್ಯಾಲ ಮನಿ ಹೋಗ್ತದ. ನನ್ನ ಮರ್ಯಾದಿ ಕಾಯಾಕ ಹೋಗಿ ನನಗ ಬೀದಿಗಿ ಹಾಕ್ತೀರಿ."

"ನಿನ್ನ ಗಿರಣಿ ಮ್ಯಾಲ ಸವಾಲ್ ಕೂಗಿ, ನಾಳಿ ನಿನ್ನ ಮಾರಿ ಹ್ಯಾಂಗ ನೋಡ್ಲಿ ತಾಯಿ?"

"ನಾ ಬಾಗಲದಾಗ ನಿಂತು ಮಾತಾಡಸ್ತೇನಿ. ನಿಂದ್ರಾಕ ಬಾಗಲ ಉಳೀಲಿ ಮೊದಲ."

ಕಾಕಾ ರುಮಾಲನ್ನು ಬಿಚ್ಚಿ, ಮತ್ತೆ ಸುತ್ತಿಕೊಂಡು, ಹಟ್ಟಿಯ ಕಡೆ ನಡೆದ. ಉಳಿದವರೂ ಚದುರಿದರು. ಅವಳು ಒಳಗೆ ಹೋಗಿ ಸ್ವಿಚ್ಚು ಹಾಕಿದಳು.

ಹರಾಜು ಭಾಲ್ಕಿಯ ಕೋರ್ಟಿನ ಅಂಗಳದಲ್ಲಿ, ಕೆಲವು ವಾರಗಳ ನಂತರ. ಅವಳು ಹೇಳಿದ ಯಂತ್ರಗಳ ವಿವರ ಕಾಗದಕ್ಕೆ ಸೇರಿತ್ತು, ತೇವ ಹಿಡಿಯುವ ಗೋಡೆಯೂ ಸೇರಿತ್ತು. ಬೇವಿನ ಗಿಡದ ಕೆಳಗೆ ಒಂದು ಮೇಜು. ಮಾಮಾ ಬರೆಯಲು ಕುಳಿತ, ನಾನು ಕೂಗಲು ನಿಂತೆ. ಬೀದರಿನಿಂದ ಒಬ್ಬ ವ್ಯಾಪಾರಿ ಬಂದಿದ್ದ. ಗಿರಣಿ ಯಂತ್ರ ಕೊಂಡು ಮಾರುವವನು. ನನ್ನ ನಾಟಕದ ವ್ಯಾಪಾರಿಗೆ ಅವನು ಒಂದಿಷ್ಟೂ ಹೋಲುತ್ತಿರಲಿಲ್ಲ. ಪಾನು ಇರಲಿ, ಚಹಾ ಸಹ ಬೇಡ ಎಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಲೆಯ ಮಾಸ್ತರನ ಹಾಗೆ ನಿಂತಿದ್ದ.

ಗಿರಣಿ ಅಕ್ಕ ಮೇಜಿನ ಎಡಕ್ಕೆ, ಗೋಡೆಗೆ ಆತು ನಿಂತಿದ್ದಳು. ಮಗಳನ್ನು ಶಾಲೆಗೆ ಕಳಿಸಿ ಬಂದಿದ್ದಳು. ಭಾತಂಬ್ರಾದಿಂದ ಒಂದು ಟೆಂಪೋ ಮಂದಿ ಬಂದಿಳಿದರು. ಬಂದರು ನಿಜ. ಆದರೆ ಮೇಜಿನಿಂದ ಸಾಕಷ್ಟು ದೂರ, ಸೈಕಲ್ ಸ್ಟ್ಯಾಂಡಿನ ಹತ್ತಿರ, ಸಾವಿನ ಮನೆಗೆ ಬಂದವರಂತೆ ತಲೆ ತಗ್ಗಿಸಿ ನಿಂತರು.

ವ್ಯಾಪಾರಿ ಮೊದಲ ಸವಾಲು ಕೂಗಿದ. ಮಾಮಾ ಅದನ್ನು ಬರೆದು, ಪಕ್ಕದಲ್ಲಿದ್ದ ಡಿಕ್ರಿಯ ಅಂಕಿಯ ಮೇಲೆ ಬೆರಳಿಟ್ಟ. ಅರ್ಧಕ್ಕೂ ಬಂದಿರಲಿಲ್ಲ. ನಾನು ಒಂದನೇ ಸಲ ಎಂದೆ. ಸೈಕಲ್ ಸ್ಟ್ಯಾಂಡು ಅಲುಗಲಿಲ್ಲ. ಎರಡನೇ ಸಲ ಎಂದೆ. ಅದನ್ನು ಎಷ್ಟು ಉದ್ದ ಎಳೆಯಬೇಕು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ನಾನು ಎಳೆದೆ. ಕೀರ್ತನೆಯ ಕೊನೆಯ ಸಾಲನ್ನು ಎಳೆಯುವ ಹಾಗೆ ಎಳೆದೆ, ಉಸಿರು ಮುಗಿದು ಕಣ್ಣಿಗೆ ಕತ್ತಲೆ ಬರುವವರೆಗೂ ಎಳೆದೆ. ಮಾಮಾ ಮೇಜಿನ ಕೆಳಗೆ ನನ್ನ ಕಾಲು ತುಳಿದ.

ಆಗ ಕಾಕಾ ಹೊರಟ.

ಅವನು ಮೇಜಿನ ಕಡೆ ಬರಲಿಲ್ಲ. ನೇರ ಗೋಡೆಯ ಹತ್ತಿರ ಹೋಗಿ ಅವಳ ಮುಂದೆ ನಿಂತ. "ತಪ್ಪು ತಿಳಕೋಬ್ಯಾಡವ್ವಾ," ಎಂದ.

"ಕೂಗ ಕಾಕಾ," ಎಂದಳು.

ಅವನು ಅಲ್ಲಿಂದಲೇ ತಿರುಗಿ, ವ್ಯಾಪಾರಿಯ ಮೇಲೆ ಹತ್ತು ಸಾವಿರ ಕೂಗಿದ. ವ್ಯಾಪಾರಿ ಅವನ ಮೇಲೆ ಕೂಗಿದ. ಆಮೇಲೆ ಸೈಕಲ್ ಸ್ಟ್ಯಾಂಡಿನಿಂದ ಇನ್ನೊಬ್ಬ ಹೊರಟ. ಅವನೂ ಮೊದಲು ಅವಳ ಹತ್ತಿರ ಹೋದ, ತಗ್ಗಿದ ದನಿಯಲ್ಲಿ ಏನೋ ಅಂದ, ಅವಳು ತಲೆಯಾಡಿಸಿದ ಮೇಲೆಯೇ ಕೂಗಿದ. ಮೂರನೆಯವನೂ ಹಾಗೆಯೇ. ಒಂದು ಸವಾಲಿಗೆ ಒಮ್ಮೆ ಅಂಗಳ ದಾಟಬೇಕು, ಅವಳ ಮುಂದೆ ನಿಲ್ಲಬೇಕು, ಅನುಮತಿ ಕೇಳಬೇಕು. ಎರಡನೇ ಸಲ ಕೂಗುವವನು ಮತ್ತೆ ಹೋಗಿ ಮತ್ತೆ ಕೇಳಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಾನು ಪ್ರತಿ ಸಲ ಒಂದನೇ ಸಲ ಎಂದು ಶುರು ಮಾಡುವುದು, ಅಷ್ಟರಲ್ಲಿ ಯಾರೋ ಅಂಗಳ ದಾಟುತ್ತಿರುವುದು, ನಾನು ಬಾಯಿ ಮುಚ್ಚಿ ಕಾಯುವುದು. ಜೀವನದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿದ್ದು ಚರ್ಚಿನಲ್ಲೂ ಇಲ್ಲ.

ಇದು ಹುಡುಗಾಟದ ಕೂಗಲ್ಲ. ಸವಾಲು ಯಾರ ಹೆಸರಿಗೆ ನಿಲ್ಲುತ್ತದೋ ಅವರು ನಾಲ್ಕರಲ್ಲೊಂದು ಪಾಲನ್ನು ಅಲ್ಲೇ ಆಗಲೇ ಕಟ್ಟಬೇಕು. ಕಾಕಾ ಕುರಿ ಮಾರಿ ಬಂದಿದ್ದ. ಉತ್ತರ ದಿಕ್ಕಿನವಳ ಗಂಡನ ಅಂಗಿಯ ಒಳಜೇಬು ಉಬ್ಬಿತ್ತು. ತಮ್ಮ ಶಕ್ತಿ ಮುಗಿದಲ್ಲಿ ಒಬ್ಬೊಬ್ಬರೂ ನಿಂತರು. ನಿಂತವರು ಅದನ್ನೂ ಅವಳಿಗೆ ಹೋಗಿ ಹೇಳಿ ಬಂದರು.

ಎಷ್ಟು ಹೊತ್ತಾಯಿತು ಎಂದು ಕೇಳಲು ಶಿರಸ್ತೇದಾರರು ಒಳಗಿನಿಂದ ಸಿಟ್ಟಿನಲ್ಲೇ ಬಂದರು. ಬಾಗಿಲಲ್ಲಿ ನಿಂತು ಒಬ್ಬ ಅಂಗಳ ದಾಟಿ ಹೋಗಿ ಬರುವುದನ್ನು ನೋಡಿದರು, ಇನ್ನೊಬ್ಬನನ್ನು ನೋಡಿದರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟರು. ಬೇರೆ ಕೇಸಿಗೆ ಬಂದ ವಕೀಲರು, ಕಕ್ಷಿದಾರರು, ಚಹಾದವನು, ಎಲ್ಲರೂ ಗಿಡದ ಸುತ್ತ ಸೇರಿದ್ದರು. ಯಾರೂ ಗದ್ದಲ ಮಾಡುತ್ತಿರಲಿಲ್ಲ.

ಆಮೇಲೆ ನನಗೆ ಇವತ್ತಿಗೂ ಅರ್ಥವಾಗದ್ದು ಒಂದು ನಡೆಯಿತು. ಆ ಹೊತ್ತಿಗೆ ಉಳಿದದ್ದು ಕಾಕಾ ಮತ್ತು ವ್ಯಾಪಾರಿ ಇಬ್ಬರೇ. ಕಾಕಾನ ಸವಾಲು ಮುಗಿದು ವ್ಯಾಪಾರಿಯ ಪಾಳಿ ಬಂತು. ಅವನು ಕೂಗಲು ಬಾಯಿ ತೆರೆದ, ಮುಚ್ಚಿದ. ಸುತ್ತಲೂ ಒಮ್ಮೆ ನೋಡಿದ. ಆ ಇಸ್ತ್ರಿ ಅಂಗಿಯ ಮನುಷ್ಯ, ಆ ಊರಿನವನಲ್ಲ, ಅವಳ ಪರಿಚಯದವನಲ್ಲ, ಮೇಜು ಬಿಟ್ಟು ಗೋಡೆಯ ಕಡೆ ನಾಲ್ಕು ಹೆಜ್ಜೆ ಹೋಗಿ, ಕೈ ಜೋಡಿಸಿ, "ಅಕ್ಕಾರ, ನಾ ಕೂಗಲೇನ್ರಿ?" ಎಂದು ಕೇಳಿದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕೂಗ್ರಿ," ಎಂದಳು.

ಕೋರ್ಟಿನ ಹರಾಜಿನಲ್ಲಿ ಸಾಲಗಾರಳ ಮಾತಿಗೆ ಯಾವ ಬೆಲೆಯೂ ಇಲ್ಲ. ಅವಳು ಬೇಡ ಎಂದರೂ ಸವಾಲು ನಡೆಯುತ್ತಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಆ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಅವಳ ಅಪ್ಪಣೆಯಿಲ್ಲದೆ ಒಂದು ರೂಪಾಯಿಯೂ ಏರಲಿಲ್ಲ.

ಕಾಕಾ ಇನ್ನೆರಡು ಸಲ ಅಂಗಳ ದಾಟಿದ. ಮೂರನೇ ಸಲ ಅವಳ ಮುಂದೆ ನಿಂತವನು ಕೂಗಲಿಲ್ಲ. "ನನ್ನ ಕುರಿ ಇಲ್ಲಿಗಿ ಮುಗದವು ತಾಯಿ," ಎಂದ. ನಾನು ಮಾಮಾನ ಕಾಗದ ನೋಡಿದೆ. ವ್ಯಾಪಾರಿಯ ಕೊನೆಯ ಸವಾಲು ಡಿಕ್ರಿಯ ಅಂಕಿಯನ್ನೂ ಕೋರ್ಟಿನ ಖರ್ಚನ್ನೂ ದಾಟಿತ್ತೋ ಇಲ್ಲವೋ ಎಂಬುದು ಅಲ್ಲಿಂದ ಕಾಣಲಿಲ್ಲ. ಮಾಮಾ ಎರಡು ಸಲ ಕೂಡಿಸಿದ. ತುಟಿ ಅಲುಗಿಸುತ್ತ ಮೂರನೇ ಸಲ ಕೂಡಿಸಿದ. ಆಮೇಲೆ ನನ್ನ ಕಡೆ ನೋಡಿ ಕಣ್ಣು ಮುಚ್ಚಿ ತೆರೆದ. ದಾಟಿತ್ತು. ಸ್ವಲ್ಪವೇ, ಆದರೆ ದಾಟಿತ್ತು.

ಮೂರನೇ ಸಲ ಎಂದು ಹೇಳುವಾಗ ನಾನು ಯಾವುದನ್ನೂ ಎಳೆಯಲಿಲ್ಲ.

ವ್ಯಾಪಾರಿ ಹಣ ಕಟ್ಟಿ ರಸೀತಿ ಪಡೆದ. ಕೋರ್ಟು ಮಾರಾಟವನ್ನು ಖಾಯಂ ಮಾಡುವವರೆಗೆ ಗಿರಣಿ ನನ್ನ ಕೈಯಲ್ಲೇ ಇರುತ್ತದಲ್ಲ ಎಂದು ಅವಳು ಶಿರಸ್ತೇದಾರರನ್ನು ಕೇಳಿ ಖಾತ್ರಿ ಮಾಡಿಕೊಂಡಳು. ಅಷ್ಟು ದಿನ ಕಲ್ಲು ಸವೆಯುತ್ತದಲ್ಲ ಎಂದು ವ್ಯಾಪಾರಿ ಗೊಣಗಿದ. ಸವೆದರೆ ಟಾಕಿ ಹೊಡೆಸಿ ಹರಿತ ಮಾಡಿಸಿಯೇ ಒಪ್ಪಿಸುತ್ತೇನೆ ಎಂದಳು. ಟೆಂಪೋದ ಹತ್ತಿರ ಊರಿನವರು ಆಗಲೇ ಜಗಳಕ್ಕೆ ನಿಂತಿದ್ದರು. ಯಾರು ಯಾವಾಗ ನಿಲ್ಲಿಸಿದರು, ಇನ್ನೊಂದು ಕೂಗಿದ್ದರೆ ಏನು ಗಂಟು ಹೋಗುತ್ತಿತ್ತು ಎಂಬ ಜಗಳ. ಕಾಕಾನ ದನಿಯೇ ಎಲ್ಲಕ್ಕಿಂತ ಮೇಲಿತ್ತು.

ಮಾಮಾ ವರದಿ ಬರೆಯುತ್ತಿದ್ದ. ಎರಡನೇ ಲಾಟಿನ, ಅಂದರೆ ಮನೆಯ, ಮುಂದಿನ ಜಾಗ ಖಾಲಿ ಇತ್ತು. ಅವಳು ಮೇಜಿನ ಮುಂದೆ ಬಂದು ನಿಂತಳು, ಅಲುಗಲಿಲ್ಲ. ಮಾಮಾ ಪೆನ್ನಿನ ಮೂತಿ ಒರೆಸಿ, ಮಾರಾಟದ ಅಗತ್ಯ ಬೀಳಲಿಲ್ಲ ಎಂದು ಬರೆದು, ಕಾಗದವನ್ನು ಅವಳ ಕಡೆ ತಿರುಗಿಸಿದ. ಹಾಗೆ ತೋರಿಸುವ ಪದ್ಧತಿ ಇಲ್ಲ. ಶಿರಸ್ತೇದಾರರು ಕನ್ನಡಕ ಒರೆಸುವುದರಲ್ಲಿ ಬಹಳ ಮಗ್ನರಾಗಿದ್ದರು.

ಅವಳು ಆ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಮತ್ತೊಮ್ಮೆ ಮೊದಲಿನಿಂದ ಓದಿದಳು. ಬೆರಳು ಎತ್ತುವಾಗ ಕಾಗದದ ಮೇಲೆ ಕೈ ಒರಗದಂತೆ ಜೋಪಾನ ಮಾಡಿದಳು, ಶಾಯಿ ಇನ್ನೂ ಒಣಗಿರಲಿಲ್ಲ.